ಬೀರುವಿನೊಳಗೆ ಸಿಕ್ಕಿಕೊಂಡ ಹರಿಗೋಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಸುಳ್ಳೇನಲ್ಲ. ಆದರೆ ಆ ಕೋಪ ಇಲ್ಲದಿದ್ದರೆ ನಾನು ಪುಸ್ತಕವನ್ನೇ ಮುಟ್ಟುತ್ತಿರಲಿಲ್ಲ. ಅದನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಗುಂಡ್ಲುಪೇಟೆಯ ಅಂಚಿನಲ್ಲಿ ನಮ್ಮ ಮನೆ. ಮಗಳು ಓದುವ ಸರ್ಕಾರಿ ಶಾಲೆ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಶನಿವಾರ ಬೆಳಗಿನ ಸ್ಕೂಲು, ಊಟದ ಹೊತ್ತಿಗೆ ಬಿಟ್ಟುಬಿಡುತ್ತಾರೆ. ಆ ದಿನ ನಾವೊಂದಷ್ಟು ಜನ ತಾಯಂದಿರು ಗೇಟಿನ ಹೊರಗೆ ಹೊಂಗೆ ಮರದ ನೆರಳಲ್ಲಿ ನಿಂತು ಮಕ್ಕಳಿಗಾಗಿ ಕಾಯುತ್ತಿದ್ದೆವು. ಕಾಯುವುದು ಹೆಸರಿಗೆ, ನಿಜಕ್ಕೂ ಅದು ವಾರದ ಹರಟೆ. ಒಂದು ಶನಿವಾರ, ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಮಿಸ್ ಗೇಟಿನ ತನಕ ನಡೆದು ಬಂದು, "ಯಾಕಮ್ಮ ಹೊರಗೇ ನಿಂತಿದೀರಾ? ಒಳಗೆ ಬನ್ನಿ. ನಿಮಗೋಸ್ಕರನೇ ಒಂದು ಬೀರು ಪುಸ್ತಕ ಇಟ್ಟಿದೀವಿ" ಅಂದರು.

ವರಾಂಡದಲ್ಲಿ ಹಸಿರು ಬಣ್ಣದ ಹಳೆಯ ಕಬ್ಬಿಣದ ಬೀರು. ಮಕ್ಕಳ ಪುಸ್ತಕದ್ದೇ ಬೇರೆ, ಇದು ಅಪ್ಪ ಅಮ್ಮಂದಿರಿಗೆ. ಮಿಸ್ಸು ಅಲ್ಲಿ ಇಲ್ಲಿ ಕೇಳಿ ತಂದು ತುಂಬಿಸಿದ್ದರಂತೆ. ಒಬ್ಬರಿಗೆ ಒಂದು ಪುಸ್ತಕ, ಮುಂದಿನ ಶನಿವಾರ ತಂದು ತೋರಿಸಬೇಕು, ಮುಗಿಯದಿದ್ದರೆ ಮತ್ತೆ ತೆಗೆದುಕೊಂಡು ಹೋಗಬಹುದು. ಎಲ್ಲರೂ ಸೆರಗು ಕಚ್ಚಿಕೊಂಡು ನಾಚಿ ನಿಂತೆವು. ಮಿಸ್ಸು ನನ್ನ ಕಡೆ ತಿರುಗಿ, ಪಾಪ ಒಳ್ಳೆಯ ಮನಸ್ಸಿನಿಂದಲೇ, "ನಿಮಗೆ ಓದಕ್ಕೆ ಬರುತ್ತಾಮ್ಮಾ?" ಅಂದುಬಿಟ್ಟರು.

ಪಿತ್ತ ನೆತ್ತಿಗೇರಿತು. "ಬರುತ್ತಾ ಅಂದ್ರೇನ್ ಮಿಸ್? ಚಾಮರಾಜನಗರದಲ್ಲಿ ಎಸ್ಸೆಸ್ಸೆಲ್ಸಿ ಮಾಡಿರೋಳು ನಾನು" ಅಂದೆ. ಎರಡನೇ ಸಲಕ್ಕೆ ಪಾಸಾದ ಸಂಗತಿಯನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟಕ್ಕೇ ಬಿಡದೆ ಮುಂದೆ ಹೋಗಿ, ಬೀರುವಿನಲ್ಲಿ ಎಲ್ಲಕ್ಕಿಂತ ದಪ್ಪನೆಯದು ಯಾವುದು ಅಂತ ನೋಡಿ ಅದನ್ನೇ ಎಳೆದೆ. ಮುಖಪುಟ ಹರಿದುಹೋಗಿ ಕಂದು ಕಾಗದದ ರಟ್ಟು ಹಾಕಿದ್ದ ಹಳೇ ಕಾದಂಬರಿ. ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ದಾರಿಯುದ್ದಕ್ಕೂ ಅದರ ಭಾರಕ್ಕೆ ನನ್ನ ಬಾಯನ್ನೇ ಬೈದುಕೊಂಡೆ.

ಮದುವೆಯಾಗಿ ಚಂದಕವಾಡಿ ಕಡೆಯ ತವರಿನಿಂದ ಇಲ್ಲಿಗೆ ಬಂದ ಮೇಲೆ ನಾನು ಓದಿದ್ದು ಏನು? ಬಸ್ಸಿನ ಬೋರ್ಡು, ಗ್ಯಾಸ್ ಬುಕ್ಕಿಂಗಿನ ಮೆಸೇಜು, ಮಗಳ ಡೈರಿ. ಹೂವಿನ ಕಾಲದಲ್ಲಿ ಚೆಂಡುಹೂ ಕೊಯ್ಯಲು ಹೋಗುವುದು, ಮಿಕ್ಕ ಕಾಲದಲ್ಲಿ ಮನೆ ಮುಂದೆ ಕೂತು ಮಂಡಿಗೆ ಹೋಗುವ ಸಣ್ಣೀರುಳ್ಳಿಯ ಬಾಲ ಕತ್ತರಿಸುವುದು. ಗಂಡ ತರಕಾರಿ ಟೆಂಪೋ ಓಡಿಸುತ್ತಾರೆ, ಕಾಡು ದಾಟಿ ಕೇರಳದ ಬತ್ತೇರಿಗೆ. ರಾತ್ರಿ ಕಾಡಿನ ಗೇಟು ಹಾಕುವುದರೊಳಗೆ ಈಚೆ ಬಂದರೆ ಮನೆ ಊಟ, ಇಲ್ಲದಿದ್ದರೆ ಆಚೆ ಪುಟ್ಟು ಕಡಲೆ. ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ನಾನು ಮತ್ತು ಅತ್ತೆ. ನಮ್ಮಿಬ್ಬರ ನಡುವೆ ಮಾತು ಎಂದರೆ "ಉಪ್ಪಾಕಿದ್ಯಾ" ಮತ್ತು "ಆಕಿವ್ನಿ", ಅದು ಬಿಟ್ಟರೆ ಜಗಳ. ಮದುವೆಯಾದಾಗಿನಿಂದ ಹಾಗೇ ನಡೆದುಕೊಂಡು ಬಂದಿತ್ತು.

ಪುಸ್ತಕ ನೋಡಿದ ಕೂಡಲೇ ಅತ್ತೆ, "ಯಾರ ಮನೇದಮ್ಮಿ ಅದು?" ಅಂದರು.

"ಸ್ಕೂಲಿಂದು. ಓದ್ಬುಟ್ಟು ವಾಪಸ್ ಕೊಡ್ಬೇಕು."

"ಇಸ್ಕೊಂಡ್ ಬಂದದ್ದಾ?" ಎಂದು ಕೈ ತೊಳೆದುಕೊಂಡು ಬಂದು, ಅದನ್ನು ನನ್ನ ಕೈಯಿಂದ ತೆಗೆದು ದೇವರ ಪಟದ ಪಕ್ಕ ಇಟ್ಟರು. ಅವರಿಗೆ ಓದು ಬರಹ ಇಲ್ಲ. ಸಹಿ ಹಾಕಬೇಕಾದ ಕಡೆಯೆಲ್ಲ ಹೆಬ್ಬೆಟ್ಟು.

ಸಂಜೆ ಅವರು ಜಗಲಿಯ ಮೇಲೆ ಈರುಳ್ಳಿ ಗುಡ್ಡೆ ಹಾಕಿಕೊಂಡು ಕೂತಿದ್ದರು. ನಾನು ಗೋಡೆಗೊರಗಿ ಪುಸ್ತಕ ಬಿಚ್ಚಿದೆ. ಮೊದಲ ಪುಟವನ್ನೇ ತುಟಿ ಆಡಿಸುತ್ತ ಓದುತ್ತಿದ್ದೆ. ಅತ್ತೆ ಕತ್ತರಿ ನಿಲ್ಲಿಸಿ, "ಒಟ್ಟೆಯೊಳಗೇ ಓದ್ಕೊಂಡ್ರೆ ನಂಗೇನಮ್ಮಿ ಬತ್ತದೆ? ಕೆಲ್ಸ ಮಾಡೋಳು ನಾನು, ಕತೆ ನಿಂಗಾ? ಬಾಯ್ಬುಟ್ಟು ಓದು" ಅಂದರು. ಜಗಳಕ್ಕೆ ಬಾಯಿ ತೆರೆದವಳು ಯಾಕೋ ಓದಲು ಶುರುಮಾಡಿದೆ.

ಕತೆ ಒಬ್ಬ ಹರಿಗೋಲು ಹಾಕುವ ಹೆಂಗಸಿನದು. ಗಂಡ ಅಂಬಿಗ, ಹೊಳೆಯ ಪಾಲಾದ. ಅವಳು ಅಳುತ್ತ ಕೂರದೆ ಅವನ ಹುಟ್ಟು ಹಿಡಿದು ತಾನೇ ಜನರನ್ನು ದಾಟಿಸತೊಡಗಿದಳು. ಊರ ಪಟೇಲನಿಗೆ ಅದು ಆಗಲಿಲ್ಲ. ಹೆಂಗಸು ಹಾಕುವ ಹರಿಗೋಲನ್ನು ಯಾರೂ ಹತ್ತಕೂಡದು ಅಂತ ಕಟ್ಟೆಯ ಮೇಲೆ ಕೂತು ಅಪ್ಪಣೆ ಮಾಡಿದ. ಅಷ್ಟು ಓದುವಷ್ಟರಲ್ಲಿ ಅತ್ತೆಯ ಕಣ್ಣಲ್ಲಿ ನೀರು. ನಾನು ನಿಲ್ಲಿಸಿದೆ. "ಈರುಳ್ಳಿ ಕಣಮ್ಮಿ, ನೀನ್ ಓದು" ಅಂದರು. ಗುಡ್ಡೆಯ ಈರುಳ್ಳಿ ಆಗಲೇ ಮುಗಿದುಹೋಗಿತ್ತು.

ಮತ್ತೊಂದು ಸಂಜೆ ತಾವಾಗೇ ಹೇಳಿದರು. ಮಾವ ತೀರಿಕೊಂಡಾಗ ನನ್ನ ಗಂಡ ಇನ್ನೂ ತೊಟ್ಟಿಲ ಕೂಸು. ಹೊಲ ಉಳುವುದಕ್ಕೆ ಆಳು ಸಿಗದೆ ಅತ್ತೆಯೇ ನೇಗಿಲು ಹಿಡಿದಿದ್ದರಂತೆ. "ಅವಾಗ್ಲೂ ಇಂಗೇ ಕಣಮ್ಮಿ. ಎಂಗ್ಸು ನೇಗ್ಲು ಮುಟ್ಟುದ್ರೆ ಮಳೆ ಓಯ್ತದೆ ಅಂದ್ರು. ಆ ವರ್ಸ ಎಂಥಾ ಮಳೆ ಬಂತು ಗೊತ್ತಾ? ಅಂದೋರ್ ಮನೆ ಗ್ವಾಡೆನೇ ಬಿದ್ದೋಯ್ತು!" ಎಂದು ನಕ್ಕರು. ನಾನು ಈ ಮನೆಗೆ ಬಂದು ಇಷ್ಟು ವರ್ಷವಾದರೂ ನನಗೆ ಈ ಸಂಗತಿ ತಿಳಿದಿರಲಿಲ್ಲ. ನನ್ನ ಗಂಡನಿಗೂ ತಿಳಿದಿರಲಿಲ್ಲ. ಅವತ್ತು ನನಗೆ ಅತ್ತೆಯ ಮೇಲೆ ಪ್ರೀತಿ ಬಂತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಗಂಡ ಬೇಗ ಬಂದ ಒಂದು ದಿನ ಅಂಗಳದಲ್ಲೇ ನಿಂತು, "ಏನ್ ಇಬ್ರೂ ಜಗಳ ಆಡ್ತಾನೇ ಇಲ್ವಲ್ಲ, ಮನೆ ತಪ್ಪಿ ಬಂದ್ಬುಟ್ನಾ?" ಅಂದರು. ಅತ್ತೆ, "ಸುಮ್ಕೆ ಕೂತ್ಕೊ, ಪಟೇಲ ಪಂಚಾಯ್ತಿ ಸೇರ್ಸವ್ನೆ" ಎಂದು ಗದರಿಸಿದರು. ಅನ್ನಕ್ಕೆ ಗಂಡ ಅಧ್ಯಾಯ ಮುಗಿಯುವ ತನಕ ಕಾಯಬೇಕಾಯಿತು.

ಮೊದಲ ಶನಿವಾರ ಪುಸ್ತಕ ತೋರಿಸಲು ಹೊರಟಾಗಲೇ ಎಲ್ಲ ಶುರುವಾದದ್ದು. ನಮ್ಮ ಕಡೆ ಇಸ್ಕೊಂಡ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಪಕ್ಕದ ಮನೆಯಿಂದ ಬಟ್ಟಲಲ್ಲಿ ಸಾರು ಬಂದರೆ ಬಟ್ಟಲು ಹಿಂದಿರುಗುವಾಗ ಅದರಲ್ಲೊಂದು ಚೂರು ಬೆಲ್ಲವೋ, ಒಂದು ಹಿಡಿ ಕಡಲೆಯೋ, ಏನೂ ಇಲ್ಲದಿದ್ದರೆ ಒಂದು ವೀಳ್ಯದೆಲೆಯೋ ಇರಲೇಬೇಕು. ಅತ್ತೆ ಒಂದು ಅಚ್ಚು ಬೆಲ್ಲದ ತುಂಡನ್ನು ಕಾಗದದಲ್ಲಿ ಸುತ್ತಿ, ಮೇಲೊಂದು ವೀಳ್ಯದೆಲೆ ಇಟ್ಟು, ಪುಸ್ತಕದ ನಡುವೆ ಸಿಕ್ಕಿಸಿದರು.

"ಅತ್ತೆ, ಅದು ಪುಸ್ತಕ!"

"ಪುಸ್ತಕ ಆದ್ರೇನು? ಇಸ್ಕೊಂಡದ್ದು ತಾನೇ? ಬರ್ದಾಗ್ ಕೊಟ್ರೆ ಮನೆ ಬರ್ದಾಯ್ತದೆ. ನಡಿ."

ಮಿಸ್ಸು ಪುಸ್ತಕ ಬಿಚ್ಚಿ ಬೆಲ್ಲ ನೋಡಿ, ಕಾರಣ ಕೇಳಿ, ಸಂತೋಷಪಟ್ಟು ಅಲ್ಲೇ ಬಾಯಿಗೆ ಹಾಕಿಕೊಂಡರು. ಅದೇ ಆದ ಎಡವಟ್ಟು. ಬೇರೆ ತಾಯಂದಿರು ನೋಡಿದರು. ಅಯ್ಯೋ, ಅವಳು ಬೆಲ್ಲ ಕೊಟ್ಟಳು, ನಾವು ಬರಿಗೈಯಲ್ಲಿ ಬಂದೆವಲ್ಲ ಎಂದು ಎಲ್ಲರಿಗೂ ಮುಖ ಸಣ್ಣದಾಯಿತು. ಮುಂದಿನ ವಾರ ಪುಸ್ತಕಗಳೊಳಗೆ ಹುರಿಗಡಲೆ ಬಂತು, ಸಕ್ಕರೆ ಬಂತು, ಚೆಂಡುಹೂ ಬಂತು. ಒಬ್ಬಾಕೆ ಅರಿಶಿನ ಕುಂಕುಮವನ್ನೇ ಇಟ್ಟು ತಂದಳು. ಬಾಳೆ ತೋಟದ ಗಂಡಸೊಬ್ಬ ಪುಸ್ತಕದ ಜೊತೆ ಒಂದು ಚಿಪ್ಪು ಏಲಕ್ಕಿ ಬಾಳೆಯನ್ನೇ ಹೊತ್ತು ತಂದ. ಒಂದು ಮಾತು ಮಾತ್ರ ನಿಜ, ಪುಸ್ತಕ ಒಯ್ಯುವವರು ವಾರ ವಾರಕ್ಕೂ ಹೆಚ್ಚಾದರು. ಇಸ್ಕೊಳ್ಳುವುದು, ತುಂಬಿ ಹಿಂದಿರುಗಿಸುವುದು ನಮಗೆ ಗೊತ್ತಿದ್ದ ವ್ಯವಹಾರ. ಗೊತ್ತಿದ್ದ ದಾರಿಯಲ್ಲೇ ಎಲ್ಲರೂ ಒಳಗೆ ಬಂದರು.

ಆಮೇಲೆ ಬಂತು ಸಂಕ್ರಾಂತಿ. ಎಳ್ಳು ಬೀರುವ ಹಬ್ಬ, ಕೇಳಬೇಕೇ? ಹಬ್ಬ ಕಳೆದ ಶನಿವಾರ ಬಂದ ಪುಸ್ತಕಗಳ ಒಳಗೆಲ್ಲ ಎಳ್ಳು ಬೆಲ್ಲದ ಪೊಟ್ಟಣ. ಕೊಬ್ಬರಿ, ಕಡಲೆಬೀಜ, ಸಕ್ಕರೆ ಅಚ್ಚು. ಅವತ್ತು ಮಿಸ್ಸು ಯಾವುದೋ ಟ್ರೈನಿಂಗಿಗೆ ಹೋಗುವ ಅವಸರದಲ್ಲಿದ್ದರು. "ಎಲ್ಲ ಒಳಗಿಡಿ, ಸೋಮವಾರ ಬಂದು ತಗೊಂಡು ಹೋಗಿ" ಎಂದು ಎಲ್ಲವನ್ನೂ ಹಾಗೇ ಬೀರುವಿಗೆ ತುಂಬಿ ಬಾಗಿಲು ಹಾಕಿದರು. ನಮ್ಮ ಹರಿಗೋಲಿನ ಪುಸ್ತಕವೂ ಒಳಗೆ ಹೋಯಿತು.

ನಾವು ನಿಲ್ಲಿಸಿದ್ದು ಎಂಥಾ ಜಾಗದಲ್ಲಿ! ಮಳೆ ಹೊಯ್ಯುತ್ತಿದೆ, ಹೊಳೆ ತುಂಬಿದೆ. ಪಟೇಲನ ಮಗಳಿಗೆ ಹೆರಿಗೆ ನೋವು, ಸೂಲಗಿತ್ತಿ ಇರುವುದು ಆಚೆ ದಡದಲ್ಲಿ. ಗಂಡಸು ಅಂಬಿಗರೆಲ್ಲ ಆಗುವುದಿಲ್ಲ ಎಂದು ಕೈಚೆಲ್ಲಿದ್ದಾರೆ. ಪಟೇಲ ತಾನೇ ನಡೆದು ಬಂದು, ನೆನೆದು ತೊಪ್ಪೆಯಾಗಿ, ಅವಳ ಮುಂದೆ ನಿಂತಿದ್ದಾನೆ. ಬಾಯಿ ಬರುತ್ತಿಲ್ಲ. ಅವಳು ಹುಟ್ಟು ಹಿಡಿದು ಅವನನ್ನೇ ನೋಡುತ್ತಿದ್ದಾಳೆ. ಅಲ್ಲಿಗೆ ಪುಟ ಮುಗಿದಿತ್ತು, ಹಬ್ಬದ ಕೆಲಸಕ್ಕೆ ನಾನು ಎದ್ದಿದ್ದೆ.

ಸೋಮವಾರ ಹೋದರೆ ವರಾಂಡದಲ್ಲಿ ಹೆಡ್ ಮೇಡಂ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಬೀರುವಿನ ಬಾಗಿಲ ಸಂದಿಯಿಂದ ನೆಲದ ತನಕ ಇರುವೆ ಸಾಲು. ಒಳಗೆ ಇಲಿಯೂ ನುಗ್ಗಿ ಕೊಬ್ಬರಿ ಜೊತೆ ಎರಡು ಮೂರು ಪುಸ್ತಕದ ಅಂಚನ್ನೂ ತಿಂದಿತ್ತು. ಮಿಸ್ಸು ಪಕ್ಕದಲ್ಲಿ ಅಳುಮುಖ ಮಾಡಿಕೊಂಡು ನಿಂತಿದ್ದರು.

"ಪುಸ್ತಕ ಅಂದ್ರೆ ಸಾರಿನ ಪಾತ್ರೆ ಅಂದ್ಕೊಂಡ್ರೇನ್ರಿ?" ಹೆಡ್ ಮೇಡಂ ನನ್ನನ್ನೇ ಹಿಡಿದರು. "ಇವತ್ತಿಂದ ಪೋಷಕರಿಗೆ ಪುಸ್ತಕ ಇಲ್ಲ. ಬೀರಿಗೆ ಬೀಗ. ಮುಂದಿನ ಸಭೆಗೆ ಚಾಮರಾಜನಗರದಿಂದ ಸಾಹೇಬ್ರು ಬರ್ತಾರೆ, ಅವರು ಒಪ್ಪಿದ್ರೆ ಬೀರು ಸಮೇತ ಬೇರೆ ಸ್ಕೂಲಿಗೆ ಕಳಿಸ್ಬಿಡ್ತೀನಿ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಂತಾರಾ ಮೇಡಂ? ಅದೊಂದು ಪುಸ್ತಕ ಕೊಡಿ, ಅರ್ಧ ಓದಿವ್ನಿ" ಅಂದೆ. ಅಷ್ಟೇ ಅಂದಿದ್ದರೆ ಸರಿಹೋಗುತ್ತಿತ್ತೇನೋ. "ಇರುವೆ ಕಂಡ್ರೆ ಇಷ್ಟು ಎದ್ರಿಕೊಳ್ಳೋರು ಮಕ್ಕಳ್ನ ಎಂಗ್ ಸಾಕ್ತೀರಾ?" ಅಂತ ಬೇರೆ ಸೇರಿಸಿದೆ. ಹೆಡ್ ಮೇಡಂ ಬೀಗ ಜಡಿದು, ಅದನ್ನೊಮ್ಮೆ ಎಳೆದು ನೋಡಿ, ಒಳಗೆ ಹೋದರು.

ಮನೆಗೆ ಬಂದು ಹೇಳಿದೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸಂಜೆ ಈರುಳ್ಳಿ ಮುಂದೆ ಕೂತು ಕತ್ತರಿ ಕೈಯಲ್ಲೇ ಹಿಡಿದು ರಸ್ತೆ ನೋಡುತ್ತಿದ್ದರು. "ಅವ್ಳು ದಡದಲ್ಲೇ ನಿಂತವ್ಳೆ ಕಣಮ್ಮಿ" ಅಂದರು.

"ಯಾರತ್ತೆ?"

"ಅವ್ಳೇಯ. ಆ ಮಳೇಲಿ ಎಷ್ಟೊತ್ತು ಅಂತ ನಿಂತಿರ್ತಾಳೆ? ಆ ಮಗಾ ಬೇರೆ ನೋವು ತಿಂತಾ ಅದೆ. ನನ್ ಬೆಲ್ಲದಿಂದ ಆಯ್ತು ಇಷ್ಟೂ."

ಮಾರನೆಯ ದಿನವೇ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ಆ ಪುಸ್ತಕ ಕೊಂಡೇ ತರುತ್ತೇನೆ ಎಂದು ಹಟ. ಬಸ್ ಸ್ಟ್ಯಾಂಡಿನ ಸುತ್ತ ಇದ್ದ ಅಂಗಡಿಗಳಲ್ಲಿ ಗೈಡು, ಪ್ರಶ್ನೆಪತ್ರಿಕೆ, ಪಂಚಾಂಗ. ಒಳಗಿನ ಬೀದಿಯಲ್ಲಿ ಒಂದು ಪುಸ್ತಕದಂಗಡಿ ಸಿಕ್ಕಿತು. ಅಲ್ಲಿನವರು, "ಪುಸ್ತಕದ ಹೆಸರೇನಮ್ಮಾ?" ಅಂದರು. ಗೊತ್ತಿಲ್ಲ. "ಬರೆದವರು?" ಅದೂ ಗೊತ್ತಿಲ್ಲ. "ಹರಿಗೋಲು ಹಾಕೋ ಹೆಂಗ್ಸಿಂದು. ಪಟೇಲ ಬತ್ತಾನೆ ಅದ್ರಲ್ಲಿ" ಅಂದೆ. ಅವರು ನಗು ತಡೆದುಕೊಂಡು, "ಪಟೇಲ ಬರದ ಹಳೇ ಕಾದಂಬರಿ ಯಾವುದಿದೆಯಮ್ಮ? ಅಷ್ಟು ಹಳೇದಾದ್ರೆ ಈಗ ಅಚ್ಚಿನಲ್ಲೂ ಇರಲ್ಲ" ಅಂದರು. ತಿರುಗಿ ಬರುವಾಗ ಬಸ್ಸಿನ ಕಿಟಕಿಯಾಚೆ ನೋಡುತ್ತ ನನಗೆ ಅಳು ಬಂತು. ಇಡೀ ಜಿಲ್ಲೆಯಲ್ಲಿ ಆ ಕತೆ ಇರುವುದು ಒಂದೇ ಕಡೆ, ಅದಕ್ಕೆ ಬೀಗ ಬಿದ್ದಿದೆ, ಆ ಬೀರುವೂ ಹೊರಟುಹೋಗುತ್ತದೆ.

ಸಭೆಯ ದಿನ ಅತ್ತೆ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಹಬ್ಬದ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು. "ನಾನೂ ಬತ್ತೀನಿ, ಓಗನ ನಡಿ" ಅಂದರು. ಶಾಲೆಯ ಗೇಟಿನೊಳಕ್ಕೆ ಅವರು ಯಾವತ್ತೂ ಕಾಲಿಟ್ಟವರಲ್ಲ. ಮೊಮ್ಮಗಳನ್ನು ಬಿಡಲು ಬಂದರೂ ಗೇಟಿನಿಂದಲೇ ತಿರುಗುತ್ತಿದ್ದರು.

ದೊಡ್ಡ ಕ್ಲಾಸಿನ ಡೆಸ್ಕುಗಳಲ್ಲಿ ನಾವೆಲ್ಲ ಮಂಡಿ ಮಡಿಸಿ ಕೂತೆವು. ಮುಂದೆ ಕುರ್ಚಿಯಲ್ಲಿ ಚಾಮರಾಜನಗರದ ಸಾಹೇಬರು, ಪಕ್ಕದಲ್ಲಿ ಹೆಡ್ ಮೇಡಂ, ಗೋಡೆಯ ಹತ್ತಿರ ಮಿಸ್ಸು. ಬಿಸಿಯೂಟದ್ದು, ಶೌಚಾಲಯದ್ದು ಎಲ್ಲ ಮುಗಿದ ಮೇಲೆ ಬೀರುವಿನ ವಿಷಯ ಬಂತು. ಹೆಡ್ ಮೇಡಂ ಇಲಿ ತಿಂದ ಪುಸ್ತಕವನ್ನು ಎತ್ತಿ ತೋರಿಸಿದರು. ಅರಿಶಿನದ ಕಲೆ ತೋರಿಸಿದರು. ಸಾಹೇಬರು ಒಂದು ಪುಟದಿಂದ ಒಣಗಿದ ಚೆಂಡುಹೂವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಇವರಿಗೆ ಪುಸ್ತಕದ ಬೆಲೆ ಗೊತ್ತಿಲ್ಲ ಬಿಡಿ. ಓದೋರಿರೋ ಕಡೆ ಕಳಿಸೋಣ" ಅಂದರು.

ನಾನು ಎದ್ದೇಬಿಟ್ಟೆ. "ಬೆಲೆ ಗೊತ್ತಿಲ್ದೆ ಇದ್ರೆ ಬೆಲ್ಲ ಯಾಕ್ ಇಡ್ತಿದ್ವಿ ಸಾರ್? ಬೆಲೆ ಇಲ್ಲದ್ದಕ್ಕೆ ಯಾರಾರ ಅರಿಶಿನ ಕುಂಕುಮ ಇಡ್ತಾರಾ? ನೀವು..." ಮಾತು ಇನ್ನೂ ಎಲ್ಲಿಗೆ ಹೋಗುತ್ತಿತ್ತೋ, ಅತ್ತೆ ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದರು. "ಕೂತ್ಕೊಳಮ್ಮಿ. ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ. ನಿಂಗೆ ಎರಡೂ ಗೊತ್ತಿಲ್ಲ" ಎಂದು ತಾವು ಎದ್ದು ನಿಂತರು. ಸಭೆಯೆಲ್ಲ ನಕ್ಕಿತು. ನನಗೆ ಅವಮಾನ.

"ಸ್ವಾಮಿ, ತೆಪ್ಪು ನಂದೇಯ" ಅಂದರು ಅತ್ತೆ. "ಬೆಲ್ಲ ಇಟ್ಟೋಳು ನಾನು. ನನ್ ಸೊಸೆ ಬ್ಯಾಡ ಅಂದ್ಲು, ಕೇಳ್ನಿಲ್ಲ. ಇಲಿಗೆ ಏನ್ ಗೊತ್ತು, ತಿಂತು. ಆದ್ರೆ ಓದೋರಿಲ್ಲ ಅಂತ ಮಾತ್ರ ಅನ್ಬ್ಯಾಡಿ. ನಾನು ಎಬ್ಬೆಟ್ಟು. ನಂಗೆ ಒಂದಕ್ಸರ ಬರಕ್ಕಿಲ್ಲ. ಈ ಬೀರೊಳಗೆ ಏನದೆ ಅಂತ ನಾನ್ ಹೇಳ್ಲಾ?"

ಸಾಹೇಬರು ಗಡಿಯಾರ ನೋಡಿಕೊಂಡು, "ಬೇಗ ಹೇಳಿ ಅಜ್ಜಿ" ಅಂದರು.

ಅತ್ತೆ ಬೇಗ ಹೇಳಲಿಲ್ಲ. ಹೊಳೆಯಿಂದ ಶುರುಮಾಡಿದರು. ಅಂಬಿಗ ಸತ್ತದ್ದು, ಮೂರನೇ ದಿನಕ್ಕೆ ಅವಳು ಹುಟ್ಟು ಹಿಡಿದದ್ದು, ಕಟ್ಟೆಯ ಮೇಲೆ ಕೂತ ಪಟೇಲ ಎಲೆ ಅಡಿಕೆ ಉಗಿದು ಅಪ್ಪಣೆ ಮಾಡಿದ್ದು. ಉಗಿದದ್ದು ಪುಸ್ತಕದಲ್ಲಿ ಇರಲಿಲ್ಲ, ಅತ್ತೆಯೇ ಹಾಕಿದರು. ಊರಿನ ಜನ ಅವಳನ್ನು ಬಿಟ್ಟು ಸುತ್ತು ದಾರಿಯಲ್ಲಿ ನಡೆದು ಕಾಲು ಬೊಬ್ಬೆ ಬರಿಸಿಕೊಂಡದ್ದನ್ನು ಹೇಳುವಾಗ ತಾವೇ ಎರಡು ಹೆಜ್ಜೆ ಕುಂಟಿ ತೋರಿಸಿದರು. ಪಟೇಲನ ದನಿಗೆ ಗಂಟಲು ದಪ್ಪ ಮಾಡಿದರು. ಕಿಟಕಿಗಳಲ್ಲಿ ಮಕ್ಕಳ ತಲೆ ತುಂಬಿಕೊಂಡವು. ಬಾಳೆ ತೋಟದ ಗಂಡಸು ಬಾಯಿ ತೆರೆದುಕೊಂಡು ಕೂತಿದ್ದ. ಹೆಡ್ ಮೇಡಂ ಕೈಯಲ್ಲಿದ್ದ ಇಲಿ ತಿಂದ ಪುಸ್ತಕ ಯಾವಾಗಲೋ ಮೇಜಿನ ಮೇಲೆ ಮಲಗಿತ್ತು.

"ಮಳೆ ಅಂದ್ರೆ ಮಳೆ. ಒಳೆ ಕೆಂಪಗೆ ಅರೀತಾ ಅದೆ. ಪಟೇಲ್ನ ಮಗ್ಳಿಗೆ ನೋವು. ಗಾಡೀಲಿ ಮಲಗ್ಸವ್ರೆ, ಅವ್ವಾ ಅವ್ವಾ ಅಂತಾ ಅವ್ಳೆ. ಸೂಲಗಿತ್ತಿ ಆಚೆ ದಡ. ಗಂಡಸ್ರು ಒಬ್ಬೊಬ್ಬನೂ ನನ್ ಕೈಲಾಗಕಿಲ್ಲ ಅಂತ ಟವೆಲ್ ಕೊಡವ್ಕೊಂಡು ಓದ್ರು. ಇನ್ಯಾರವ್ರೆ? ಇವ್ಳೊಬ್ಳೇಯ. ಪಟೇಲ ಬಂದ. ಅವ್ಳ ಮುಂದೆ ನಿಂತ. ಅವತ್ತು ಕಟ್ಟೆ ಮ್ಯಾಲೆ ಅಷ್ಟು ಮಾತಾಡ್ದೋನು, ಇವತ್ತು ಬಾಯಿ ಬರಕ್ಕಿಲ್ಲ. ಅವ್ಳು ಹುಟ್ಟು ಇಡ್ಕೊಂಡು ಇಂಗೆ ನೋಡ್ತಾವ್ಳೆ..."

ಅತ್ತೆ ಸಾಹೇಬರನ್ನೇ ಹಾಗೆ ನೋಡಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕ ಕೂತುಬಿಟ್ಟರು.

ಸಾಹೇಬರು ಕುರ್ಚಿಯಿಂದ ಮುಂದಕ್ಕೆ ಬಗ್ಗಿದ್ದರು. "ಆಮೇಲೆ?" ಅಂದರು.

"ನಂಗೇನ್ ಗೊತ್ತು ಸ್ವಾಮಿ? ಆಮೇಲಿಂದು ಆ ಬೀರೊಳಗದೆ. ಬೀಗ ಆಕಿರೋರು ನೀವು."

ಮೊದಲು ನಕ್ಕದ್ದು ಮಿಸ್ಸು. ಆಮೇಲೆ ಕಿಟಕಿಯ ಮಕ್ಕಳು, ಆಮೇಲೆ ಇಡೀ ಕೋಣೆ. "ಬೀಗ ತೆಗೀರಿ ಮೇಡಂ! ಆ ಮಗಿನ ಗತಿ ಏನು?" ಎಂದು ಹಿಂದಿನ ಡೆಸ್ಕಿನಿಂದ ಯಾರೋ ಕೂಗಿದರು. ಸಾಹೇಬರು ನಗುತ್ತ ಹೆಡ್ ಮೇಡಂ ಕಡೆ ತಿರುಗಿ, "ತೆಗೆಸಿ ಮೇಡಂ, ನಾನೂ ತಿಳ್ಕೊಂಡೇ ಹೋಗ್ಬೇಕು" ಅಂದರು. ಹೆಡ್ ಮೇಡಂ ಬೀಗದ ಕೈಯನ್ನು ತಾವೇ ತೆಗೆದುಕೊಂಡು ವರಾಂಡಕ್ಕೆ ಹೋದರು. ಕಂದು ರಟ್ಟಿನ ದಪ್ಪ ಪುಸ್ತಕವನ್ನು ಹುಡುಕಿ ತಂದು, ಇರುವೆ ಇದೆಯೇನೋ ಎಂದು ಒಮ್ಮೆ ಕೊಡವಿ, ನನ್ನ ಕೈಗೆ ಕೊಟ್ಟರು. "ಓದಿ" ಅಂದರು.

ಜಗಲಿಯ ಮೇಲೆ ಅತ್ತೆಗೆ ಓದುವುದು ಬೇರೆ, ಸಾಹೇಬರ ಮುಂದೆ ಓದುವುದು ಬೇರೆ. ಅತ್ತೆ ನನ್ನ ಮೊಣಕೈ ತಿವಿದರು. "ದಡದಲ್ಲಿ ನಿಲ್ಸಿದ್ದು ಸಾಕು ಕಣಮ್ಮಿ, ದಾಟ್ಸು." ಓದಿದೆ. ಮೊದಲ ಸಾಲಲ್ಲಿ ದನಿ ನಡುಗಿತು, ಆಮೇಲೆ ನಡುಗಲಿಲ್ಲ.

ಅವಳು ಪಟೇಲನ ಮಗಳನ್ನು ಹರಿಗೋಲಿನಲ್ಲಿ ಮಲಗಿಸಿಕೊಂಡಳು. ಪಟೇಲನನ್ನೂ ಕೂರಿಸಿಕೊಂಡಳು. ನಡುಹೊಳೆಯಲ್ಲಿ ಹರಿಗೋಲು ಗಿರಗಿರನೆ ತಿರುಗಿದಾಗ ನಮ್ಮ ಡೆಸ್ಕುಗಳೂ ಕಿರುಗುಟ್ಟಿದವು. ಆಚೆ ದಡ ಮುಟ್ಟಿದ ಮೇಲೆ ಪಟೇಲ ಸೊಂಟದ ಚೀಲ ಬಿಚ್ಚಿದ. ಅವಳು ಬೇಡ ಅಂದಳು. ನಾಳೆ ಊರು ಸೇರಿದಾಗ ಅದೇ ಕಟ್ಟೆಯ ಮೇಲೆ ನಿಂತು, ನಿನ್ನ ಮಗಳನ್ನು ಯಾರು ದಾಟಿಸಿದರು ಅಂತ ಬಾಯಿಬಿಟ್ಟು ಹೇಳು, ನನಗೆ ಅಷ್ಟು ಸಾಕು ಅಂದಳು.

ನಾನು ಪುಸ್ತಕ ಮುಚ್ಚಿದಾಗ ಚಪ್ಪಾಳೆ ಬಿತ್ತು. ಚಪ್ಪಾಳೆ ನನಗೋ, ಅವಳಿಗೋ, ಅತ್ತೆಗೋ ಗೊತ್ತಾಗಲಿಲ್ಲ, ಮೂವರಿಗೂ ಇರಲಿ ಅಂತ ಇಟ್ಟುಕೊಂಡೆ. ನನಗೆ ಆದ ಸಂತೋಷ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ.

ಅತ್ತೆ ಮತ್ತೆ ಎದ್ದರು. "ನೋಡಿದ್ರಾ ಸ್ವಾಮಿ? ಅವ್ಳೇ ದಾರಿ ತೋರ್ಸಿಬುಟ್ಲು. ಇಸ್ಕೊಂಡದ್ದ ಬರ್ದಾಗ್ ಕೊಡಬಾರ್ದು, ಅದು ನಮ್ ಮನೆ ಕಟ್ಲೆ, ಬುಡಕಾಗಕಿಲ್ಲ. ಬೆಲ್ಲ ಬ್ಯಾಡ ಅಂದ್ರೆ ಬ್ಯಾಡ. ಬಾಯದಲ್ಲ? ಓದಿದ್ದ ನಾಕು ಮಾತು ಇಲ್ಲೇ ನಿಂತ್ ಹೇಳ್ಬುಟ್ಟು ಪುಸ್ತಕ ಕೊಡ್ತೀವಿ. ಅದ್ಕೆ ಇರುವೆ ಮುತ್ತಕಿಲ್ಲ."

ಸಾಹೇಬರು ಹೆಡ್ ಮೇಡಂ ಮುಖ ನೋಡಿದರು. ಹೆಡ್ ಮೇಡಂ ನನ್ನ ಮುಖ ನೋಡಿದರು. ನಾನು ಇರುವೆಯ ಮಾತು ನೆನೆದು ತಲೆ ತಗ್ಗಿಸಿದೆ. "ಆಗಲಿ, ಬೀರು ಇಲ್ಲೇ ಇರಲಿ" ಅಂದರು ಹೆಡ್ ಮೇಡಂ.

ಈಗ ಪ್ರತಿ ಶನಿವಾರ ಊಟದ ಹೊತ್ತಿಗೆ ನಮ್ಮ ಶಾಲೆಯ ವರಾಂಡದಲ್ಲಿ ನಿಂತುಕೊಳ್ಳಲು ಜಾಗ ಇರುವುದಿಲ್ಲ. ಹೊಂಗೆ ಮರದ ಕೆಳಗೆ ಯಾರೂ ನಿಲ್ಲುವುದೇ ಇಲ್ಲ. ಬಾಳೆ ತೋಟದ ಗಂಡಸು ಮೊದಮೊದಲು ಕತೆ ಹೇಳಲು ಬಾರದೆ ಬೆವರುತ್ತಿದ್ದ, ಈಗ ಅವನ ಬಾಯಿ ನಿಲ್ಲಿಸುವುದೇ ಕಷ್ಟ. ಓದಲು ಬಾರದವರು ಮಕ್ಕಳ ಕೈಲಿ ಓದಿಸಿಕೊಂಡು ಬರುತ್ತಾರೆ. ಮನೆಯಲ್ಲಿ ಓದುವ ಮಗು ಇಲ್ಲದ ಮುದುಕಿಯೊಬ್ಬಳು ನನ್ನ ಜಗಲಿಗೇ ಬಂದು ಕೂರುತ್ತಾಳೆ, ಈರುಳ್ಳಿ ಬಾಲ ಕತ್ತರಿಸಲು ಒಂದು ಕೈ ಹೆಚ್ಚಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರದೂ ಒಟ್ಟಿಗೇ ಬಂತು. ಜಗಳ ಪೂರ್ತಿ ನಿಂತಿದೆ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ.

ಆ ದಪ್ಪ ಪುಸ್ತಕ ಕೊನೆಗೂ ಮುಗಿದ ಶನಿವಾರ ಹಿಂದಿರುಗಿಸಲು ನಾನು ಹೋಗಲಿಲ್ಲ, ಅತ್ತೆಯೇ ಹೋದರು. ನಾನು ಹಿಂದೆ ನಿಂತಿದ್ದೆ ಅಷ್ಟೇ. ಸಾಲಿನಲ್ಲಿ ತಮ್ಮ ಸರದಿ ಬಂದಾಗ ಪುಸ್ತಕವನ್ನು ಎದೆಗೊತ್ತಿಕೊಂಡು ಕೊನೆಯ ಅಧ್ಯಾಯ ಹೇಳಿದರು. ಪಟೇಲ ಕಟ್ಟೆಯ ಮೇಲೆ ನಿಂತು ಬಾಯಿಬಿಟ್ಟದ್ದು, ಊರೆಲ್ಲ ಹರಿಗೋಲು ಹತ್ತಿದ್ದು. ಹೇಳಿ ಮುಗಿಸಿ ಪುಸ್ತಕ ಕೊಟ್ಟು ತಿರುಗಿದರೆ ಆಫೀಸ್ ರೂಮಿನ ಬಾಗಿಲಲ್ಲಿ ಹೆಡ್ ಮೇಡಂ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಹತ್ತಿರ ಬಂದು ಅತ್ತೆಯ ಅಂಗೈಯಲ್ಲಿ ಕಾಗದದ ಪೊಟ್ಟಣವೊಂದನ್ನು ಇಟ್ಟರು. ಬಿಚ್ಚಿದರೆ ಅಚ್ಚು ಬೆಲ್ಲ.

"ಇಷ್ಟು ಕೊಟ್ಟೋರನ್ನ ಬರಿಗೈಲಿ ಕಳಿಸಬಾರದಲ್ವಾ ಅಜ್ಜಿ?" ಅಂದರು.

ಅತ್ತೆ ಬೆಲ್ಲ ನೋಡಿದರು, ಮೇಡಂ ಮುಖ ನೋಡಿದರು, ಕಣ್ಣು ತುಂಬಿಕೊಂಡರು. ಅವತ್ತು ಹತ್ತಿರದಲ್ಲೆಲ್ಲೂ ಈರುಳ್ಳಿ ಇರಲಿಲ್ಲ. ಆಮೇಲೆ ಬೇಗಬೇಗನೆ ಪೊಟ್ಟಣ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಇಂಥದ್ನೆಲ್ಲ ಬೀರಿನ ತಾವ ತರ್ಬ್ಯಾಡಿ ಮೇಡಮ್ಮೋರೆ, ಇರುವೆ ಬಂದ್ಬುಡ್ತವೆ" ಎಂದು ಗದರಿಸಿದರು.